ಅಷ್ಟೇ ಹಾಕು

"ಮುಟ್ಟಬೇಡಿ. ನೋಡಿ ಹೇಳಿದ್ರೆ ಸಾಕು," ಎಂದರು ಸಬ್ ಇನ್‌ಸ್ಪೆಕ್ಟರ್ ಯಶ್ಮಿತಾ.

ಮುಟ್ಟದೆ ಕೋವಿ ನೋಡುವ ವಿದ್ಯೆಯನ್ನು ರಾಫೆಲನಿಗೆ ಯಾರೂ ಕಲಿಸಿರಲಿಲ್ಲ. ನಲವತ್ತೆರಡು ವರ್ಷ ಕೋವಿ ರಿಪೇರಿ ಮಾಡಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವನು ಠಾಣೆಯ ಮೇಜಿನ ಮೇಲೆ ಬಾಗಿದ. ಗೋಣಿಯ ಮೇಲೆ ಒಂದು ಕೇಪಿನ ಕೋವಿ ಇತ್ತು, ಅಥವಾ ಅದರಲ್ಲಿ ಉಳಿದದ್ದು ಇತ್ತು. ಬಾಯಿಯಿಂದ ಮದ್ದು ಸುರಿದು, ಗಜದ ಸರಳಿನಿಂದ ಜಡಿದು, ಹಿಂದೆ ಕಿಡಿ ಹಾರಿಸುವ ಕೇಪು ಕೂರಿಸಿ ಹೊಡೆಯುವ ಹಳೆಯ ಕಾಲದ ಕೋವಿ. ಅದರ ನಳಿಗೆ ಬುಡದಲ್ಲಿ ಬಾಳೆಹೂವಿನ ಎಸಳಿನ ಹಾಗೆ ಬಿಚ್ಚಿಕೊಂಡಿತ್ತು. ಮರದ ಹಿಡಿ ಎರಡು ಸೀಳಾಗಿ, ಒಂದು ಸೀಳಿನ ಮೇಲೆ ರಕ್ತ ಒಣಗಿ ಕಂದಾಗಿತ್ತು.

ಅದು ಗುಣಪಾಲನ ರಕ್ತ. ಗುಣಪಾಲ ಶೆಟ್ಟಿ ರಾಫೆಲನ ಗಿರಾಕಿ ಎಂದರೆ ಅರ್ಧ ಸುಳ್ಳಾಗುತ್ತದೆ. ಗೆಳೆಯ ಎಂದರೇ ಸರಿ. ಕೊಡಿಯಾಲ್‌ಬೈಲಿನಲ್ಲಿ ಹೋಟೆಲು, ಕೂಳೂರು ಸೇತುವೆಯ ಆಚೆ ನದಿಯ ಬದಿಯಲ್ಲಿ ತೆಂಗಿನ ತೋಟ, ತೋಟದ ಮಂಗಗಳನ್ನು ಹೆದರಿಸಿ ಓಡಿಸಲಿಕ್ಕೆ ತಂದೆಯ ಕಾಲದ ಈ ಕೋವಿ. ಕಳೆದ ಆದಿತ್ಯವಾರ ಬೆಳಿಗ್ಗೆ ಅದು ಅವನ ಕೈಯಲ್ಲೇ ಸಿಡಿದಿತ್ತು. ಎಡಗೈಯ ಎರಡು ಬೆರಳು ಹೋಗಿದ್ದವು. ಎಡಗಣ್ಣು ಉಳಿಯುತ್ತದೋ ಇಲ್ಲವೋ ಎಂದು ಡಾಕ್ಟರು ಬುಧವಾರವಾದರೂ ಹೇಳಿರಲಿಲ್ಲ.

"ಗುಣಪಾಲರು ಮದ್ದು ಜಾಸ್ತಿ ಆಯ್ತು, ನನ್ನದೇ ತಪ್ಪು ಅಂತಾರೆ. ಅವರ ಮಗ ಶ್ರವಣ್ ಒಪ್ಪುದಿಲ್ಲ," ಎಂದರು ಎಸ್ಸೈ. "ಮೂರು ತಿಂಗಳ ಹಿಂದೆ ನೀವು ಇದರ ಬುಡ ರಿಪೇರಿ ಮಾಡಿದ್ದೀರಿ, ಅದು ಸರಿ ಇರಲಿಲ್ಲ ಅಂತ ಕಂಪ್ಲೇಂಟ್ ಕೊಟ್ಟಿದ್ದಾರೆ. ನಿಮ್ಮ ಲೈಸೆನ್ಸಿನ ರಿನೀವಲ್ ಫೈಲು ಸಹ ಈಗ ಮೇಲೆ ಉಂಟಂತೆ?"

"ಉಂಟು."

"ಇದನ್ನು ಲ್ಯಾಬಿಗೆ ಕಳಿಸ್ತೇವೆ. ವರದಿ ಬರ್ಲಿಕ್ಕೆ ತಿಂಗಳುಗಟ್ಟಲೆ ಆಗ್ತದೆ. ಅಷ್ಟರ ಒಳಗೆ ನಿಮ್ಮ ಹೇಳಿಕೆ ನಂಗೆ ಬೇಕು."

ಲೈಸೆನ್ಸ್ ಹೋದರೆ ಅಂಗಡಿ ಹೋಯಿತು. ಫಳ್ನೀರಿನಲ್ಲಿ ಆಸ್ಪತ್ರೆ, ಕ್ಲಿನಿಕ್ಕು, ರಕ್ತಪರೀಕ್ಷೆಯ ಲ್ಯಾಬುಗಳ ನಡುವೆ ರಾಫೆಲನ ಅಜ್ಜ ಹಾಕಿದ ಅಂಗಡಿ ಅದು. ಅಜ್ಜನ ಕಾಲದಲ್ಲಿ ಸುತ್ತ ಆಸ್ಪತ್ರೆ ಇರಲಿಲ್ಲ, ಆದ್ದರಿಂದ ಬೋರ್ಡಿನ ಮೇಲೆ 'ಕೋವಿ, ಮದ್ದು, ಗುಂಡು' ಎಂದು ಧೈರ್ಯವಾಗಿ ಬರೆಸಿದ್ದ. ಈಗ ವಾರಕ್ಕೊಬ್ಬರಾದರೂ ಡಾಕ್ಟರ ಚೀಟಿ ಹಿಡಿದುಕೊಂಡು ಒಳಗೆ ಬಂದು "ಈ ಮದ್ದು ಉಂಟಾ?" ಎಂದು ಕೇಳುತ್ತಾರೆ. "ನನ್ನ ಮದ್ದು ಒಂದೇ ಡೋಸು. ಮತ್ತೆ ಯಾವ ಕಾಯಿಲೆಯೂ ಬರ್ಲಿಕ್ಕಿಲ್ಲ," ಎಂದು ಹೇಳಿ ರಾಫೆಲ್ ಅವರನ್ನು ಪಕ್ಕದ ಮೆಡಿಕಲಿಗೆ ಕಳಿಸುತ್ತಿದ್ದ. ಬೋರ್ಡು ಬದಲಿಸು ಎಂದು ಹೆಂಡತಿ ಲಿಲ್ಲಿ ಎಷ್ಟು ಸಲ ಹೇಳಿದರೂ ಕೇಳಿರಲಿಲ್ಲ. ಆ ತಮಾಷೆ ಅವನಿಗೆ ಬೇಕಿತ್ತು.

ಅವನು ಮೂಗನ್ನು ನಳಿಗೆಯ ಹತ್ತಿರ ತಂದ. ಮೂಗಿನಿಂದ ನೋಡಬಾರದು ಎಂದು ಎಸ್ಸೈ ಹೇಳಿರಲಿಲ್ಲವಲ್ಲ. ಕರಿಮದ್ದು ಉರಿದ ನಳಿಗೆಗೆ ಕೊಳೆತ ಮೊಟ್ಟೆಯ ನಾತ ಇರುತ್ತದೆ, ಒಳಗೆಲ್ಲ ಮಸಿ ಕೂತಿರುತ್ತದೆ. ಇದರಲ್ಲಿ ನಾತವೂ ಇಲ್ಲ, ಮಸಿಯೂ ಇಲ್ಲ. ಬಿರುಕಿನ ಸಂದಿಯಲ್ಲಿ ಬೂದಿಬಣ್ಣದ ತೆಳ್ಳನೆಯ ಚಕ್ಕೆಗಳು ಎರಡೋ ಮೂರೋ ಅಂಟಿಕೊಂಡಿದ್ದವು, ರಾಗಿಕಾಳಿಗಿಂತ ಸಣ್ಣವು. ಕೇಪು ಕೂರುವ ಮೊಳೆ, ಮೂರು ತಿಂಗಳ ಹಿಂದೆ ತಾನು ಕಡೆದು ತಿರುಗಿಸಿ ಕೂರಿಸಿದ ಮೊಳೆ, ತನ್ನ ಜಾಗದಲ್ಲಿ ಅಲ್ಲಾಡದೆ ಇತ್ತು. ರಾಫೆಲನ ಎದೆಯ ಮೇಲಿನ ಕಲ್ಲು ಇಳಿಯಿತು. ಗೆಳೆಯನ ರಕ್ತದ ಎದುರು ನಿಂತು ಕಲ್ಲು ಇಳಿದದ್ದಕ್ಕೆ ನಾಚಿಕೆಯೂ ಆಯಿತು.

"ನಾನು ಮಾಡಿದ್ದು ಈ ಮೊಳೆ. ಗಟ್ಟಿ ಉಂಟು ನೋಡಿ. ಒಡೆದದ್ದು ಪಕ್ಕದ ಕಬ್ಬಿಣ. ಇದಕ್ಕೆ ಹಾಕಿದ್ದು ಕರಿಮದ್ದು ಅಲ್ಲ ಮೇಡಂ. ತೋಟೆ, ಅಂದ್ರೆ ಕಾರ್ಟ್ರಿಜ್, ಬಿಚ್ಚಿ ಅದರ ಒಳಗಿನ ಮದ್ದು ತೆಗೆದು ಹಾಕಿದ್ದಾನೆ."

"ಎರಡೂ ಮದ್ದೇ ಅಲ್ವಾ?"

"ಎರಡೂ ಮದ್ದೇ. ಉರಿಯುವ ರೀತಿ ಬೇರೆ."

ಈ ಪಾಠ ಶುರುವಾದರೆ ಅಂಗಡಿಯಲ್ಲಿ ಗಿರಾಕಿಗಳು ಗಡಿಯಾರ ನೋಡುತ್ತಿದ್ದರು. ಎಸ್ಸೈ ಪೆನ್ನಿನ ಮುಚ್ಚಳ ತೆಗೆದರು. ರಾಫೆಲನಿಗೆ ಹುರುಪು ಬಂತು.

"ಕರಿಮದ್ದನ್ನು ಕಲ್ಲಿನ ಮೇಲೆ ಚಿಟಿಕೆ ಹಾಕಿ ಕಡ್ಡಿ ಗೀರಿದ್ರೆ ಭಗ್ ಅಂತ ಹೋಗ್ತದೆ. ನೋಡ್ಲಿಕ್ಕೆ ಭಾರೀ ಜೋರು. ತೋಟೆಯ ಮದ್ದು ಹಾಗಲ್ಲ. ಬಯಲಲ್ಲಿ ಅದು ಪ್ಲಾಸ್ಟಿಕ್ ಉರಿದ ಹಾಗೆ ಮೆಲ್ಲ ಉರೀತದೆ, ಪಾಪದ್ದು ಅಂತ ಕಾಣ್ತದೆ. ನಳಿಗೆಯ ಒಳಗೆ ಮುಚ್ಚಿ ಹಾಕಿದ್ರೆ ಕಥೆಯೇ ಬೇರೆ. ಒತ್ತಡ ಏರಿದ ಹಾಗೆ ಅದು ಬೇಗ ಉರೀತದೆ, ಬೇಗ ಉರಿದ ಹಾಗೆ ಒತ್ತಡ ಏರ್ತದೆ. ಒಂದಕ್ಕೊಂದು ಚಾವಿ ಕೊಟ್ಟ ಹಾಗೆ."

"ಬೇಗ ಉರಿದ್ರೆ ಗುಂಡು ಬೇಗ ಹೋಗ್ಬೇಕಲ್ಲ? ಒಳ್ಳೇದೇ ಅಲ್ವಾ?"

"ಎಲ್ಲರೂ ಅಂದುಕೊಳ್ಳುದು ಹಾಗೇ. ಬೆಂಗ್ರೆಯಲ್ಲಿ ದೋಣಿ ನೀರಿಗೆ ಇಳಿಸುದು ನೋಡಿದ್ದೀರಲ್ಲ? ಹತ್ತು ಜನ ಹೆಗಲು ಕೊಟ್ಟು, ದೋಣಿ ಜಾರಿದ ಹಾಗೆ ತಾವೂ ಓಡಿಕೊಂಡು ದೂಡ್ತಾರೆ. ದೋಣಿಗೆ ವೇಗ ಬರುದು ಆ ಉದ್ದದ ದೂಡಿನಿಂದ. ಹತ್ತು ಜನರ ಬಲವನ್ನು ಒಂದೇ ಸುತ್ತಿಗೆ ಪೆಟ್ಟಿನಲ್ಲಿ ಕೊಟ್ರೆ? ದೋಣಿ ಒಂದು ಗೇಣು ಸಹ ಹೋಗ್ಲಿಕ್ಕಿಲ್ಲ, ಹಿಂದಿನ ಹಲಗೆ ಒಡೀತದೆ. ಇಲ್ಲಿಯೂ ಅದೇ ಆದದ್ದು. ಚರೆಗುಂಡು ಕದಲುವ ಮೊದಲೇ ಗ್ಯಾಸೆಲ್ಲ ಬುಡದಲ್ಲಿ ತುಂಬಿದೆ. ಇದು ಕರಿಮದ್ದಿನ ದೂಡಿಗೆ ಅಂತ ಮಾಡಿದ ಹಳೆ ಕಬ್ಬಿಣ. ಇನ್ನೆಲ್ಲಿ ತಾಳ್ತದೆ?"

ಗೋಣಿಯ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ಹಿತ್ತಾಳೆಯ ಕೊಳವೆ ಇತ್ತು. ಎಸ್ಸೈ ಪೆನ್ನಿನಿಂದ ಅದನ್ನು ತೋರಿಸಿದರು. "ಇದು?"

"ಅಳತೆ. ನಾನೇ ಮಾಡಿ ಕೊಟ್ಟದ್ದು."

ರಿಪೇರಿಗೆ ಬಂದ ಪ್ರತಿಯೊಂದು ಕೇಪಿನ ಕೋವಿಗೂ ರಾಫೆಲ್ ಇಂಥದೊಂದು ಅಳತೆ ಮಾಡಿ, ಮೇಲೆ ಕೋವಿಯ ನಂಬರು ಕೆತ್ತಿ ಕೊಡುತ್ತಿದ್ದ. ಒಮ್ಮೆ ತುಂಬಿ ಸುರಿದರೆ ಆ ಕೋವಿಗೆ ಅಷ್ಟು ಕರಿಮದ್ದು ಸಾಕು. ಜಿಲ್ಲೆಯಲ್ಲಿ ಇಂಥ ಇನ್ನೂರು ಅಳತೆಗಳಾದರೂ ಇದ್ದಾವು. ಅಳತೆ ತಪ್ಪದವನ ಕೋವಿ ತಪ್ಪುವುದಿಲ್ಲ ಎನ್ನುವುದು ಅವನ ಮಾತು. ಅದೇ ಕೊಳವೆಯಲ್ಲಿ ತೋಟೆಯ ಮದ್ದು ತುಂಬಿದರೆ ಮೂರು ಪಾಲು ಬಲ ತುಂಬಿದಂತೆ ಎನ್ನುವುದು ಕೊಳವೆಗೆ ಗೊತ್ತಿಲ್ಲ.

"ಅಷ್ಟು ವರ್ಷ ಕೋವಿ ಇಟ್ಟವರಿಗೆ ಇದು ಗೊತ್ತಿರಲಿಲ್ವಾ?"

"ಅವನಿಗೆ ಕರಿಮದ್ದು ಮಾತ್ರ ಗೊತ್ತು. ಆರು ತಿಂಗಳಿಂದ ನನ್ನ ಹತ್ರ ಅದರ ಸ್ಟಾಕಿಲ್ಲ. ಅವನ ಅಪ್ಪನ ತೋಟೆ ಕೋವಿ ಮಾರಿದ ಮೇಲೆ ಒಂದು ಪೆಟ್ಟಿಗೆ ತೋಟೆ ಉಳಿದಿತ್ತು. ಠಾಣೆಗೆ ಒಪ್ಪಿಸು ಅಂತ ನಾನು ಹೇಳಿದ್ದೆ." ರಾಫೆಲ್ ತಲೆ ಅಲ್ಲಾಡಿಸಿದ. "ಒಂದು ಮಾತು ನನ್ನ ಹತ್ರ ಕೇಳಿದ್ರೆ ಬೇಡ ಅಂತ ಹೇಳ್ತಿದ್ದೆ ಮೇಡಂ. ಕೇಳ್ಲಿಲ್ಲ."

ಎಸ್ಸೈ ಅದನ್ನೂ ಬರೆದುಕೊಂಡರು. "ಇದನ್ನೆಲ್ಲ ವಿವರವಾಗಿ ಬರೆದು ನಾಳೆ ಹತ್ತು ಗಂಟೆಗೆ ತನ್ನಿ. ಇದರಲ್ಲಿ ನಿಮ್ಮ ತಪ್ಪಿಲ್ಲ ಅಂತ ಆದ್ರೆ ಕಂಪ್ಲೇಂಟ್ ಬಿದ್ದುಹೋಗ್ತದೆ. ತೋಟೆ ಬಿಚ್ಚಿದ್ದಕ್ಕೆ ಗುಣಪಾಲರ ಮೇಲೆ ಬೇರೆ ಕೇಸಾಗ್ತದೆ. ಅದು ನಿಮಗೆ ಸಂಬಂಧ ಇಲ್ಲ."

ಸಂಬಂಧ ಇಲ್ಲ ಎನ್ನುವ ಮಾತನ್ನು ಹೊತ್ತುಕೊಂಡೇ ರಾಫೆಲ್ ಆಸ್ಪತ್ರೆಗೆ ಹೋದ. ಅವನ ಅಂಗಡಿಯಿಂದ ಆಸ್ಪತ್ರೆಗೆ ಮುನ್ನೂರು ಹೆಜ್ಜೆ. ಮೂರು ದಿನದಿಂದ ಆ ಮುನ್ನೂರು ಹೆಜ್ಜೆ ನಡೆಯಲು ಅವನಿಗೆ ಆಗಿರಲಿಲ್ಲ. ಮೊಳೆ ತನ್ನದೇ ತಪ್ಪಾಗಿದ್ದರೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಈಗ ಮುಖ ಇತ್ತು. ಸ್ವಲ್ಪ ಸಿಟ್ಟೂ ಇತ್ತು.

ಗುಣಪಾಲನ ಕೋಣೆಯ ಬಾಗಿಲಲ್ಲಿ ಶ್ರವಣ್ ಎದ್ದು ನಿಂತ. ಮೂರು ದಿನದ ಗಡ್ಡ, ನಿದ್ದೆ ಇಲ್ಲದ ಕಣ್ಣು. ಇವನು ಮೂರನೇ ಕ್ಲಾಸಿನಲ್ಲಿದ್ದಾಗ ಇವನ ಆಟದ ಕೋವಿಗೆ ಸ್ಪ್ರಿಂಗು ಹಾಕಿಕೊಟ್ಟವನು ರಾಫೆಲನೇ.

"ಅಂಕಲ್, ಈಗ ಒಳಗೆ ಹೋಗ್ಬೇಡಿ. ಅಪ್ಪ ನಿಮ್ಮನ್ನು ಬಿಟ್ಟುಕೊಡುದಿಲ್ಲ ಅಂತ ನಂಗೆ ಗೊತ್ತುಂಟು. ಅದಕ್ಕೇ ನಾನು ಕಂಪ್ಲೇಂಟ್ ಕೊಟ್ಟದ್ದು. ಅವರು ಎಂತದೋ ಮುಚ್ಚಿ ಇಡ್ತಿದ್ದಾರೆ."

"ಎಂತ ಮುಚ್ಚಿ ಇಡ್ಲಿಕ್ಕುಂಟು ಮಾರಾಯ?"

ಅಷ್ಟರಲ್ಲಿ ಗುಣಪಾಲನ ಹೆಂಡತಿ ಆಶಾಲತಾ ಬಾಗಿಲು ತೆರೆದಳು. "ಬನ್ನಿ ರಾಫೆಲಣ್ಣ. ಮೊನ್ನೆಯಿಂದ ನಿಮ್ಮನ್ನೇ ಕೇಳ್ತಿದ್ದಾರೆ." ಶ್ರವಣ್ ಗೋಡೆಯ ಕಡೆ ಮುಖ ಮಾಡಿದ.

ಗುಣಪಾಲನ ಅರ್ಧ ತಲೆ ಬ್ಯಾಂಡೇಜಿನ ಒಳಗಿತ್ತು. ಹೊರಗಿದ್ದ ಒಂದು ಕಣ್ಣು ರಾಫೆಲನನ್ನು ಮೇಲಿನಿಂದ ಕೆಳಗೆ ನೋಡಿತು. "ಬಾ. ಬೆರಳು ಲೆಕ್ಕ ಮಾಡ್ಬೇಡ. ಎಂಟುಂಟು. ಅನ್ನ ಕಲಸ್ಲಿಕ್ಕೆ ಐದು ಸಾಕು."

ರಾಫೆಲ್ ಸ್ಟೂಲಿನ ಮೇಲೆ ಕೂತ. ನಗಲು ಆಗಲಿಲ್ಲ. ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಒಂದೇ ಬಾಯಿಗೆ ಬಂತು. "ತೋಟೆಯ ಮದ್ದು ಹಾಕಿದ್ದಿ."

"ಹೌದು."

"ಒಂದು ಮಾತು ನನ್ನ ಹತ್ರ ಕೇಳ್ಲಿಕ್ಕೆ ನಿಂಗೆ ಎಂತ ಆಗಿತ್ತು?"

ಗುಣಪಾಲ ಹೆಂಡತಿಯ ಕಡೆ ನೋಡಿ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ. "ಕೇಳಿದೆನಲ್ಲ."

"ಯಾವಾಗ?"

"ಆದಿತ್ಯವಾರ ಬೆಳಿಗ್ಗೆ. ತೋಟದಿಂದಲೇ ಫೋನ್ ಮಾಡಿದೆ. ಅಷ್ಟೇ ಹಾಕು ಅಂತ ನೀನೇ ಹೇಳಿದ್ದು."

ರಾಫೆಲ್ ಕಿಸೆಯಿಂದ ಫೋನು ತೆಗೆದ. ಅದರಲ್ಲಿ ಇತ್ತು. ಆದಿತ್ಯವಾರ, ಏಳು ಗಂಟೆ ಹದಿನೆಂಟು ನಿಮಿಷ. ನಲವತ್ತೊಂದು ಸೆಕೆಂಡು.

ಆ ಫೋನು ಅವನಿಗೆ ಮರೆತಿರಲಿಲ್ಲ. ಅದು ದಿನವೂ ಬರುವ ಫೋನು, ಅಷ್ಟೇ. ಇಬ್ಬರಿಗೂ ಒಂದೇ ವರ್ಷ ರಕ್ತದೊತ್ತಡ ಶುರುವಾಗಿತ್ತು. ಫಳ್ನೀರಿನ ಒಬ್ಬರೇ ಡಾಕ್ಟರು, ಒಂದೇ ಮಾತ್ರೆ. ಅಂದಿನಿಂದ ಬೆಳಿಗ್ಗೆ ಏಳರ ಮೇಲೆ ಒಬ್ಬ ಇನ್ನೊಬ್ಬನಿಗೆ ಫೋನು ಮಾಡಿ ತುಳುವಿನಲ್ಲಿ ಕೇಳುತ್ತಿದ್ದ: "ಮರ್ದ್ ಪಾಡಿಯನಾ?" ಮದ್ದು ಹಾಕಿದೆಯಾ? ತುಳುವಿನಲ್ಲಿಯೂ ರೋಗದ ಮದ್ದಿಗೆ, ಕೋವಿಯ ಮದ್ದಿಗೆ ಒಂದೇ ಶಬ್ದ. ಮಾತ್ರೆಯನ್ನು ತಿನ್ನುವುದಲ್ಲ, ಕೋವಿಗೆ ಹಾಕುವ ಹಾಗೆ ಬಾಯಿಗೆ ಹಾಕಿ ನೀರಿನಿಂದ ಜಡಿಯುವುದು. ಒಂಬತ್ತು ವರ್ಷದಿಂದ ಅದೇ ತಮಾಷೆ, ಹಳಸಿದ್ದರೂ ಬಿಟ್ಟಿರಲಿಲ್ಲ.

ಹೋದ ಶನಿವಾರ ಮೆಡಿಕಲಿನಲ್ಲಿ ಅವರ ಮಾತ್ರೆ ಮುಗಿದಿತ್ತು. ಬೇರೆ ಕಂಪೆನಿಯದ್ದು ಉಂಟು, ಒಳಗೆ ಇರುವುದು ಅದೇ ಎಂದು ಅಂಗಡಿಯವನು ಹೇಳಿದ. ರಾಫೆಲ್ ಇಬ್ಬರಿಗೂ ತೆಗೆದುಕೊಂಡು, ಗುಣಪಾಲನ ಪಾಲನ್ನು ಹೋಟೆಲಿನ ಕೌಂಟರಿನಲ್ಲಿ ಕೊಟ್ಟು ಬಂದಿದ್ದ. ಮರುದಿನ ಅವನು ಇಗರ್ಜಿಯ ಪೂಜೆಗೆ ಹೊರಟು ಒಂದು ಕಾಲಿಗೆ ಬೂಟು ಹಾಕಿ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಿದ್ದಾಗ ಗುಣಪಾಲ ಕೇಳಿದ್ದ: "ಪರತ್ ಮರ್ದ್ ಮುಗಿಂಡ್ ಮಾರಾಯ. ಪೊಸತ್ ಉಂಡು. ಏತ್ ಪಾಡೊಡು?" ಹಳೆ ಮದ್ದು ಮುಗಿಯಿತು, ಹೊಸತು ಉಂಟು, ಎಷ್ಟು ಹಾಕಬೇಕು? ರಾಫೆಲ್ ಎರಡನೆಯ ಬೂಟಿನ ಲೇಸು ಕಟ್ಟುತ್ತಾ ಹೇಳಿದ್ದ: "ಆತೇ ಪಾಡ್. ಕಂಪೆನಿ ಬೇತೆ, ಮರ್ದ್ ಒಂಜೇ." ಅಷ್ಟೇ ಹಾಕು. ಕಂಪೆನಿ ಬೇರೆ, ಮದ್ದು ಒಂದೇ.

"ನಾನು ಮಾತ್ರೆ ಅಂತ ತಿಳ್ಕೊಂಡೆ," ಎಂದ ರಾಫೆಲ್.

"ಎಂತ?"

"ಪ್ರೆಶರಿನ ಮಾತ್ರೆ. ಶನಿವಾರ ಹೊಸ ಕಂಪೆನಿದು ತಂದು ನಿನ್ನ ಹೋಟೆಲಲ್ಲಿ ಕೊಟ್ಟಿದ್ದೆ."

"ನಾನು ಶನಿವಾರ ಸಂಜೆಯೇ ತೋಟಕ್ಕೆ ಹೋಗಿದ್ದೆ. ಯಾವ ಮಾತ್ರೆಯೂ ನಂಗೆ ಸಿಗ್ಲಿಲ್ಲ."

ಆಶಾಲತಾ ಮೂಸಂಬಿ ಸುಲಿಯುವುದನ್ನು ನಿಲ್ಲಿಸಿದಳು. ಹೊರಗೆ ಯಾರೋ ಗಾಲಿಕುರ್ಚಿ ದೂಡಿಕೊಂಡು ಹೋದರು. ಅದರ ಒಂದು ಚಕ್ರ ಕಿರುಗುಟ್ಟುತ್ತಿತ್ತು. ಎಣ್ಣೆ ಬಿಡಬೇಕು ಎಂದು ರಾಫೆಲನ ತಲೆ ತನ್ನಷ್ಟಕ್ಕೆ ಯೋಚಿಸಿತು.

"ಮಾತ್ರೆ," ಎಂದ ಗುಣಪಾಲ. "ಮೂರು ದಿನ ಇಲ್ಲಿ ಮಲಗಿ ನಾನು ಎಂತ ಯೋಚನೆ ಮಾಡಿದೆ ಗೊತ್ತುಂಟಾ? ರಾಫೆಲನಿಗೆ ಪ್ರಾಯ ಆಯ್ತು, ಮರೆವು ಶುರುವಾಯ್ತು, ಮದ್ದಿನ ವಿಷಯವೇ ಮರೆತ ಅಂತ. ಹೊರಗೆ ಗೊತ್ತಾದ್ರೆ ಇವನ ಅಂಗಡಿಗೆ ಯಾರು ಬರ್ತಾರೆ ಅಂತ ನಾನು ಬಾಯಿ ಬಿಡ್ಲಿಲ್ಲ. ಮಗನ ಹತ್ರ ಸಹ ಹೇಳ್ಲಿಲ್ಲ."

ಇದು ರಾಫೆಲನಿಗೆ ತಾಗಬೇಕಾದಲ್ಲಿ ತಾಗಿತು. ಬೆರಳು ಕಳೆದುಕೊಂಡವನು ತನ್ನ ಮರ್ಯಾದೆ ಕಾಯುತ್ತಾ ಮಲಗಿದ್ದ. ಕಾಯುತ್ತಲೇ ತನ್ನನ್ನು ಅರಳುಮರುಳಿನವನೆಂದು ನಂಬಿದ್ದ. ಎರಡರಲ್ಲಿ ಯಾವುದು ಹೆಚ್ಚು ನೋಯಿಸಿತು ಎಂದು ಅವನಿಗೇ ಗೊತ್ತಾಗಲಿಲ್ಲ. ಕಣ್ಣಿನಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

"ಅಳ್ಬೇಡ ಮಾರಾಯ. ಇನ್ನೊಂದು ಕೇಳು," ಎಂದ ಗುಣಪಾಲ. "ಫೋನ್ ಮಾಡುವ ಮೊದಲು ಆ ಮದ್ದನ್ನು ಕಲ್ಲಿನ ಮೇಲೆ ಚಿಟಿಕೆ ಉರಿಸಿ ನೋಡಿದ್ದೆ. ಬರೇ ಸಪ್ಪೆ. ಇದಕ್ಕೆ ಬಲ ಇಲ್ಲ, ಒಂದೂವರೆ ಅಳತೆ ಹಾಕುವ ಅಂತ ಇದ್ದೆ. ನೀನು ಅಷ್ಟೇ ಅಂದೆ ಅಂತ ಒಂದೇ ಹಾಕಿದೆ. ಒಂದೂವರೆ ಹಾಕಿದ್ರೆ ಎಂತ ಆಗ್ತಿತ್ತು?"

ರಾಫೆಲನಿಗೆ ಉತ್ತರ ಗೊತ್ತಿತ್ತು. ಅವನು ಬ್ಯಾಂಡೇಜು ಸುತ್ತಿದ ತಲೆಯನ್ನು ನೋಡಿದ. ಆಶಾಲತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹಾಂ. ಅಲ್ಲಿಗೆ ಮುಗೀತು. ಫೋನಿನ ಸುದ್ದಿ ಠಾಣೆಯಲ್ಲಿ ಬರೀಬೇಡ. ನನ್ನ ಕೋವಿ ಹೇಗೂ ಹೋಯ್ತು. ನಿನ್ನ ಅಂಗಡಿ ಯಾಕೆ ಹೋಗ್ಬೇಕು?"

ಸಂಜೆ ಮನೆಯಲ್ಲಿ ಊಟದ ಮೇಜಿನ ಮೇಲೆ ರಾಫೆಲ್ ಹೇಳಿಕೆ ಬರೆದ. ಕರಿಮದ್ದು, ತೋಟೆಯ ಮದ್ದು, ಉರಿಯುವ ವೇಗ, ಬುಡದ ಒತ್ತಡ, ಅಲ್ಲಾಡದ ಮೊಳೆ. ಎರಡು ಪುಟ ಆಯಿತು. ಲಿಲ್ಲಿ ಕನ್ನಡಕ ಹಾಕಿಕೊಂಡು ಓದಿದಳು. ಅವಳು ಕುವೈಟಿನ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ನರ್ಸಾಗಿದ್ದವಳು. ಯಾವ ಕಾಗದವನ್ನೂ ಪೂರ್ತಿ ಓದದೆ ಕೆಳಗೆ ಇಡುವವಳಲ್ಲ.

"ಸರಿ ಉಂಟು. ನಿಮ್ಮ ತಪ್ಪಿಲ್ಲ."

ಆಗ ಅವನು ಫೋನಿನ ವಿಷಯ ಹೇಳಿದ. ಹೇಳಿ ಮುಗಿಸಿದ ಮೇಲೆ ಲಿಲ್ಲಿ ಕನ್ನಡಕ ತೆಗೆದಳು.

"ಕುವೈಟಲ್ಲಿ ಡಾಕ್ಟರು ಫೋನಿನಲ್ಲಿ ಮದ್ದು ಹೇಳಿದ್ರೆ ನಾವು ಹೂಂ ಅಂತ ಇಡ್ಲಿಕ್ಕಿಲ್ಲ. ಯಾವ ಮದ್ದು, ಎಷ್ಟು, ಯಾರಿಗೆ, ಮೂರನ್ನೂ ನಾವು ತಿರುಗಿ ಹೇಳ್ಬೇಕು. ಅವರು ಹೌದು ಅಂದ ಮೇಲೆಯೇ ಬರ್ಕೊಳ್ಳುದು. ಹೊಸ ಹುಡುಗಿಯರಿಗೆ ನಾನು ಮೊದಲು ಕಲಿಸ್ತಿದ್ದದ್ದೇ ಅದು."

"ನಾವು ಡಾಕ್ಟರು, ನರ್ಸು ಅಲ್ವಲ್ಲ."

"ನೀವೂ ಮದ್ದು ಕೊಡುವವರೇ," ಎಂದಳು ಲಿಲ್ಲಿ. ಚುಚ್ಚಲು ಹೇಳಿದ್ದಲ್ಲ. ಅದು ಅವಳಿಗೆ ಹಾಗೆಯೇ ಕಂಡಿತ್ತು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಇನ್ನೂರು ಕೋವಿಗಳಿಗೆ ಅಳತೆ ಕೆತ್ತಿ ಕೊಟ್ಟವನು, 'ಯಾವ ಮದ್ದು' ಎಂಬ ಎರಡು ಶಬ್ದ ಕೇಳಿರಲಿಲ್ಲ. ಕೇಳಲು ಒಂದು ಸೆಕೆಂಡು ಸಾಕಿತ್ತು. ನಲವತ್ತೊಂದು ಸೆಕೆಂಡು ಇತ್ತು. ಆದರೆ ಅವನನ್ನು ಹೆಚ್ಚು ಕಾಡಿದ್ದು ಅದಲ್ಲ. ಠಾಣೆಯಲ್ಲಿ ಅವನೇ ಹೇಳಿದ್ದ: ಕೇಳಿದ್ರೆ ಹೇಳ್ತಿದ್ದೆ, ಕೇಳ್ಲಿಲ್ಲ. ಎಸ್ಸೈ ಅದನ್ನು ಬರೆದುಕೊಂಡಿದ್ದರು. ಗುಣಪಾಲ ಕೇಳಲಿಲ್ಲ ಎಂದು ಸರಕಾರದ ಪುಸ್ತಕದಲ್ಲಿ ಬಿದ್ದಿತ್ತು, ರಾಫೆಲನ ಬಾಯಿಯಿಂದ.

"ಬರೀಬೇಕಾ?" ಎಂದು ಅವನು ಲಿಲ್ಲಿಯನ್ನು ಕೇಳಿದ.

"ಬೇಡ ಅಂತ ಹೇಳ್ಬೇಕು ಅಂತ ಉಂಟು ನಂಗೆ. ಅಂಗಡಿ ಹೋದ್ರೆ ದಿನವಿಡೀ ಮನೆಯಲ್ಲಿ ಕೂತು ನನ್ನ ತಲೆ ತಿನ್ನುತ್ತೀರಿ." ಅವಳು ಎದ್ದು ಇನ್ನೊಂದು ಹಾಳೆ ತಂದು ಅವನ ಎದುರು ಇಟ್ಟಳು.

ಮರುದಿನ ಹತ್ತು ಗಂಟೆಗೆ ಎಸ್ಸೈ ಯಶ್ಮಿತಾ ಮೂರು ಪುಟ ಓದಿದರು. ಮೂರನೆಯದನ್ನು ಎರಡು ಸಲ ಓದಿದರು.

"ಇದು ಬೇಕಾ? ಎರಡು ಪುಟಕ್ಕೆ ನಿಲ್ಲಿಸಿದ್ರೆ ನಿಮಗೆ ಏನೂ ತೊಂದರೆ ಇಲ್ಲ."

"ಬೇಕು."

"ಮಾತ್ರೆ ಅಂತ ತಿಳ್ಕೊಂಡೆ ಅಂದ್ರೆ ಯಾರು ನಂಬ್ತಾರೆ ಹೇಳಿ? ಕೋವಿ ಅಂಗಡಿಯವರು ಮದ್ದು ಅಂದ್ರೆ ಮಾತ್ರೆ ಅಂತ ತಿಳ್ಕೊಳ್ಳುದಾ?"

"ನಂಬ್ಲಿ ಅಂತ ಬರೆದದ್ದಲ್ಲ ಮೇಡಂ. ಅವ ಕೇಳ್ಲಿಲ್ಲ ಅಂತ ನಿನ್ನೆ ನಾನು ಹೇಳಿದೆ. ಅವ ಕೇಳಿದ್ದ. ಅದು ಸರಿ ಆಗ್ಬೇಕು."

ಎಸ್ಸೈ ಮೂರನೆಯ ಪುಟವನ್ನು ಉಳಿದೆರಡರ ಕೆಳಗೆ ಸೇರಿಸಿದರು. "ಇದರ ಕಾಪಿ ಮೇಲೆ ಕಳಿಸ್ಲೇಬೇಕು. ರಿನೀವಲ್ ನಿಲ್ತದೆ. ಲ್ಯಾಬಿನ ವರದಿ ಬರುವವರೆಗೆ ಅಂಗಡಿ ತೆರೀಲಿಕ್ಕಿಲ್ಲ. ಆಮೇಲೆಯೂ ಕೊಡ್ತಾರೆ ಅಂತ ನಾನು ಹೇಳುದಿಲ್ಲ."

ರಾಫೆಲ್ ಸಹಿ ಹಾಕಿದ. ಹೊರಗೆ ಬರುವಾಗ ಶ್ರವಣ್ ಮೆಟ್ಟಿಲ ಹತ್ತಿರ ಬೈಕು ನಿಲ್ಲಿಸುತ್ತಿದ್ದ. ಅವನನ್ನೂ ಕರೆಸಿದ್ದರು. ರಾಫೆಲ್ ಏನೋ ಹೇಳಲು ಬಾಯಿ ತೆರೆದ. ಶ್ರವಣ್ ಹೆಲ್ಮೆಟ್ಟು ತೆಗೆಯದೆಯೇ ಒಳಗೆ ಹೋದ. ಒಳಗೆ ಹೋಗಿ ಆ ಮೂರನೆಯ ಪುಟ ಓದುತ್ತಾನೆ. ಓದಿ ಇನ್ನೂ ಸಿಟ್ಟಾಗಬಹುದು, ಆಗಲಿಕ್ಕೆ ಅವನಿಗೆ ಹಕ್ಕು ಇತ್ತು.

ಮಧ್ಯಾಹ್ನ ಠಾಣೆಯ ಒಬ್ಬ ಪೇದೆ ಬಂದು ಸ್ಟಾಕಿನ ಪಟ್ಟಿ ಮಾಡಿ, ಶಟರಿನ ಬೀಗದ ಮೇಲೆ ಅರಗಿನ ಮುದ್ರೆ ಒತ್ತಿ ಹೋದ. ಅವನು ಹೋದ ಮೇಲೂ ರಾಫೆಲ್ ಫುಟ್‌ಪಾತಿನಲ್ಲಿ ನಿಂತಿದ್ದ. ಒಬ್ಬಾಕೆ ಚೀಟಿ ಹಿಡಿದುಕೊಂಡು ಬಂದು, ಮೇಲಿನ ಬೋರ್ಡು ನೋಡಿ, ಮುಚ್ಚಿದ ಶಟರು ನೋಡಿ, "ಇಲ್ಲಿ ಮದ್ದು ಸಿಗುದಿಲ್ವಾ?" ಎಂದಳು. "ಇಲ್ಲಮ್ಮ. ಪಕ್ಕದಲ್ಲಿ," ಎಂದ ರಾಫೆಲ್.

ಶುಕ್ರವಾರ ಬೆಳಿಗ್ಗೆ ಫೋನು ಬರಲಿಲ್ಲ. ಶನಿವಾರವೂ ಇಲ್ಲ. ಬರೆಯಬೇಡ ಎಂದವನ ಮಾತು ಮೀರಿ ಬರೆದದ್ದಾಗಿತ್ತು. ತಾನೇ ಮಾಡಬಹುದಿತ್ತು, ಮಾಡಿ ಏನೆಂದು ಕೇಳುವುದು? ಒಂಬತ್ತು ವರ್ಷ ಕೇಳಿದ್ದನ್ನು ಇನ್ನು ಕೇಳುವ ಹಾಗಿಲ್ಲ. ಎಡಗಣ್ಣಿಗೆ ಬೆಳಕು ಮಾತ್ರ ಗೊತ್ತಾಗುತ್ತದೆ, ಆಕಾರ ಗೊತ್ತಾಗುವುದಿಲ್ಲ ಎಂದು ಆಶಾಲತಾ ಲಿಲ್ಲಿಗೆ ಹೇಳಿದ್ದು ಮಾತ್ರ ಅವನ ಕಿವಿಗೆ ಬಿತ್ತು. ಅವನು ಎದ್ದು, ಅಂಗಡಿಗೆ ಹೋಗುವವನ ಹಾಗೆ ಷರಟು ಹಾಕಿ, ಹಾಗೆಯೇ ಕೂತಿರುತ್ತಿದ್ದ. ಲಿಲ್ಲಿ ನೋಡಿಯೂ ನೋಡದವಳಂತೆ ಚಾ ತಂದಿಡುತ್ತಿದ್ದಳು.

ಆದಿತ್ಯವಾರ ಬೂಟು ಹಾಕಿಕೊಳ್ಳುತ್ತಿದ್ದಾಗ ಫೋನು ಬಡಿಯಿತು. ರಾಫೆಲ್ ಬೂಟನ್ನು ಕೆಳಗಿಟ್ಟ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಫೋನನ್ನು ಕೈಯಲ್ಲಿ ಹಿಡಿದು ಕಿವಿಗೆ ಇಟ್ಟುಕೊಂಡ.

ಆ ಕಡೆಯಿಂದ ಉಸಿರು ಕೇಳಿಸಿತು. ಆಮೇಲೆ ತುಳುವಿನಲ್ಲಿ ಗುಣಪಾಲನ ದನಿ: "ಮಾತ್ರೆ ತಿಂದನಾ?" ಮಾತ್ರೆ ತಿಂದೆಯಾ?

"ಯಾವ ಮಾತ್ರೆ?" ಎಂದ ರಾಫೆಲ್.

"ಪ್ರೆಶರಿನದ್ದು."

"ಎಷ್ಟು?"

"ಒಂದು."

"ಯಾರಿಗೆ?"

"ನಿಂಗೊಂದು, ನಂಗೊಂದು ಮಾರಾಯ. ಮತ್ಯಾರಿಗೆ?"

"ಪ್ರೆಶರಿನದ್ದು. ಒಂದು. ನಂಗೊಂದು, ನಿಂಗೊಂದು," ಎಂದು ರಾಫೆಲ್ ತಿರುಗಿ ಹೇಳಿದ.

"ಹೌದು," ಎಂದ ಗುಣಪಾಲ.

ಮೇಜಿನ ಮೇಲೆ ನೀರಿನ ಲೋಟ ಇತ್ತು. ರಾಫೆಲ್ ಫೋನು ಇಡದೆ, ಒಂದೇ ಕೈಯಲ್ಲಿ ಮಾತ್ರೆಯನ್ನು ಹಾಳೆಯಿಂದ ಒತ್ತಿ ತೆಗೆದ. ಆ ಕಡೆಯೂ ಹಾಳೆ ಒಡೆಯುವ ಸದ್ದಾಯಿತು. ಅಲ್ಲಿಯೂ ಒಂದೇ ಕೈ, ಸ್ವಲ್ಪ ಹೊತ್ತು ಹಿಡಿಯಿತು. ರಾಫೆಲ್ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಕಾದ.